ಸೂಜಿಗೆ ಸಂದ ಶ್ರೇಯಸ್ಸು

ನವಿಮುಂಬಯಿಯ ಕಾಮೋಠೆಯಲ್ಲಿ ಎಂಜಿಎಂ ವೈದ್ಯಕೀಯ ಕಾಲೇಜು ಆರಂಭವಾದದ್ದು 1989ರಲ್ಲಿ. ಇಂಥ ಆಸ್ಪತ್ರೆಗಳ ಮಕ್ಕಳ ವಿಭಾಗಕ್ಕೆ, ಮಗನ ಬೀಜ ಚೀಲಕ್ಕೆ ಇಳಿದಿಲ್ಲವೆಂದು ಬರುವ ತಂದೆತಾಯಿ ಕೇಳುವುದುಂಟು: ಆಪರೇಷನ್ ಯಾಕೆ, ಇಂಜೆಕ್ಷನ್‌ನಲ್ಲೇ ಆಗುವುದಿಲ್ಲವೇ? ಕಾಲೇಜು ಶುರುವಾಗುವ ಮೂರು ವರ್ಷ ಮೊದಲೇ ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿತ್ತು.

ವೃಷಣಗಳು ಮೂಡುವುದು ಭ್ರೂಣದ ಹೊಟ್ಟೆಯೊಳಗೆ, ಮೂತ್ರಪಿಂಡದ ಬಳಿ. ಅಲ್ಲಿಂದ ಅವು ಇಳಿಯಲು ದಾರಿ ತೋರುವ ಎಳೆಗೆ ಲಂಡನ್ನಿನ ಜಾನ್ ಹಂಟರ್ 1762ರಲ್ಲಿ ‘ಚುಕ್ಕಾಣಿ’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟ. ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಈ ಪಯಣ ಮುಗಿದಿರುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಉಳಿದವರಿಗೆ ಶಸ್ತ್ರಚಿಕಿತ್ಸೆಯ ದಾರಿಯನ್ನು 1877ರಲ್ಲಿ ಎಡಿನ್‌ಬರೋದ ಥಾಮಸ್ ಅನಾಂಡೇಲ್ ತೆರೆದ.

1927ರ ಸುಮಾರಿಗೆ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಗರ್ಭಿಣಿಯರ ಮೂತ್ರದಲ್ಲಿ ಒಂದು ಹಾರ್ಮೋನನ್ನು ಗುರುತಿಸಿದರು. ಅದೇ ಇಂದಿನ ಎಚ್‌ಸಿಜಿ. ವೃಷಣವನ್ನು ಕೆಣಕಿ ಟೆಸ್ಟೊಸ್ಟೆರೋನ್ ಹೊರಡಿಸುವ ಗುಣ ಅದಕ್ಕಿದೆ. ಅದೇ ನಗರದಲ್ಲಿ, ಮಾಗ್ನುಸ್ ಹಿರ್ಷ್‌ಫೆಲ್ಡ್‌ರ ಲೈಂಗಿಕ ವಿಜ್ಞಾನ ಸಂಸ್ಥೆಯಲ್ಲಿದ್ದ ಬರ್ನ್‌ಹಾರ್ಡ್ ಶಾಪಿರೋ, ಪಿಟ್ಯುಟರಿ ಹಾರ್ಮೋನ್ ಕೊಟ್ಟು ವೃಷಣ ಇಳಿಸಬಹುದೆಂದು 1930ರ ವೇಳೆಗೆ ಬರೆದರು. 1933ರ ಮೇ ತಿಂಗಳಲ್ಲಿ ನಾಜಿಗಳು ಸಂಸ್ಥೆಯನ್ನು ಲೂಟಿ ಮಾಡಿದರು. ಸಂಸ್ಥೆ ಹೋಯಿತು, ಚಿಕಿತ್ಸೆ ಉಳಿಯಿತು. 1970ರ ದಶಕದಲ್ಲಿ ಮೂಗಿಗೆ ಸಿಂಪಡಿಸುವ ಜಿಎನ್‌ಆರ್‌ಎಚ್ ಕೂಡ ಬಂತು.

ಚಿಕಿತ್ಸೆ ಫಲಿಸುತ್ತಿದೆ ಎಂದು ವೈದ್ಯರು ಹೇಳಿದ್ದು ಸುಳ್ಳಲ್ಲ. ತೊಡಕಿದ್ದದ್ದು ಲೆಕ್ಕದಲ್ಲಿ. ಕೆಲವು ಹುಡುಗರ ವೃಷಣ ಚಳಿಗೋ ಕೈ ತಾಗಿದ್ದಕ್ಕೋ ಸ್ನಾಯು ಸೆಳೆದು ಮೇಲೇರುತ್ತದೆ. ಬಿಸಿನೀರಲ್ಲಿ ಕೂರಿಸಿದರೆ ಇಳಿಯುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಅಂಥವರೂ ಪಟ್ಟಿಗೆ ಸೇರಿದಾಗ, ಹೇಗೂ ಇಳಿಯಲಿದ್ದದ್ದರ ಶ್ರೇಯಸ್ಸು ಸೂಜಿಗೆ ಸಂದಿತು.

1986ರಲ್ಲಿ ಅಮೆರಿಕದ ರಾಜ್‌ಫರ್ ತಂಡ, ನಿಜವಾಗಿಯೂ ವೃಷಣ ಇಳಿಯದ 1ರಿಂದ 5 ವರ್ಷದ 33 ಹುಡುಗರನ್ನಷ್ಟೇ ಆರಿಸಿಕೊಂಡು, ಯಾರಿಗೆ ಯಾವ ಔಷಧ ಎಂಬುದನ್ನು ಮುಚ್ಚಿಟ್ಟು ಪರೀಕ್ಷಿಸಿತು. ಎಚ್‌ಸಿಜಿಗೆ ಸಿಕ್ಕ ಯಶಸ್ಸು ಶೇ. 6, ಮೂಗಿನ ಔಷಧಕ್ಕೆ ಶೇ. 19. 1990ರ ದಶಕದಲ್ಲಿ ಫಿನ್ಲೆಂಡಿನ ಸಂಶೋಧಕರು, ಎಚ್‌ಸಿಜಿ ಪಡೆದ ಮಕ್ಕಳ ವೃಷಣದಲ್ಲಿ ಮುಂದೆ ವೀರ್ಯಾಣುವಾಗಬೇಕಾದ ಕೋಶಗಳು ಹೆಚ್ಚು ಸಾಯುವುದನ್ನು ಕಂಡರು. 2007ರಲ್ಲಿ ನಾರ್ಡಿಕ್ ದೇಶಗಳ ತಜ್ಞರೂ 2014ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘವೂ ಹಾರ್ಮೋನ್ ಬೇಡವೆಂದರು.

ಆದರೂ ಆಸೆ ಹೋಗುವುದಿಲ್ಲ. ಔಷಧ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ: ಎಚ್‌ಸಿಜಿ ತಯಾರಿಸುವ ಭಾರತ್ ಸೀರಮ್ಸ್‌ನ ಕಾರ್ಖಾನೆ ಇರುವುದು ಕಲ್ಯಾಣದ ಪಕ್ಕದ ಅಂಬರನಾಥದಲ್ಲೇ. ಬಂಜೆತನದ ಚಿಕಿತ್ಸೆಯಲ್ಲಿ ಅದಕ್ಕೆ ಇಂದಿಗೂ ಕೆಲಸವಿದೆ. ಮಗುವಿನ ವಿಷಯದಲ್ಲಿ ಕಳೆದುಹೋಗುವುದು ಹಣಕ್ಕಿಂತ ಹೆಚ್ಚಾಗಿ ಸಮಯ. 2007ರ ಸ್ವೀಡನ್ ಅಧ್ಯಯನದ ಪ್ರಕಾರ, 13 ತುಂಬುವ ಮೊದಲು ಶಸ್ತ್ರಚಿಕಿತ್ಸೆಯಾದವರಲ್ಲಿ ವೃಷಣದ ಕ್ಯಾನ್ಸರ್ ಸಾಮಾನ್ಯರಿಗಿಂತ ಸುಮಾರು ಎರಡು ಪಟ್ಟು, ಆಮೇಲೆ ಆದವರಲ್ಲಿ ಐದು ಪಟ್ಟು. ಆರು ತಿಂಗಳವರೆಗೆ ಕಾಯುವುದು ಸರಿ. ಆಮೇಲೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ, ಒಂದೂವರೆ ವರ್ಷದೊಳಗೆ ಆಪರೇಷನ್ ಮುಗಿಸಬೇಕೆಂಬುದು ಈಗಿನ ಸಲಹೆ. ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎನ್ನುವ ಮನೆಮಾತು ಈ ಗಡುವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.