ಫೇರೋ ದ್ವೀಪಗಳ ಫುಟ್ಬಾಲ್ ತಂಡ: ಒಂದು ಸಣ್ಣ ನಾಡಿನ ಚರಿತ್ರೆ

ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂತೆಂದರೆ ನಮ್ಮ ಕಡೆಯ ಪೇಟೆಗಳಲ್ಲಿ ಬ್ರೆಜಿಲಿನ ಹಳದಿ, ಅರ್ಜೆಂಟೀನದ ತಿಳಿನೀಲಿ ಬಾವುಟಗಳು ಏಳುತ್ತವೆ. ಗೆದ್ದವರ ಕಥೆ ಮಕ್ಕಳಿಗೂ ಬಾಯಿಪಾಠ. ವಿಶ್ವಕಪ್ಪಿನ ಕಣಕ್ಕೆ ಒಂದು ಸಲವೂ ಕಾಲಿಡದ ತಂಡದ ಕಥೆ ಯಾರಿಗೆ ಬೇಕು? ಆದರೂ ಅಂಥದೊಂದು ತಂಡದ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆ ಎಂಬುದು ಓದುತ್ತಾ ಹೋದಂತೆ ತಿಳಿದೀತು.

ಭೂಪಟದಲ್ಲಿ ಸ್ಕಾಟ್ಲೆಂಡಿಗೂ ಐಸ್ಲ್ಯಾಂಡಿಗೂ ನಡುವೆ, ಉತ್ತರ ಅಟ್ಲಾಂಟಿಕ್ ಕಡಲಿನಲ್ಲಿ ಬೆರಳಿಟ್ಟು ಹುಡುಕಿದರೆ ಹದಿನೆಂಟು ಚುಕ್ಕೆಗಳು ಸಿಗುತ್ತವೆ. ಅವೇ ಫೇರೋ ದ್ವೀಪಗಳು. ಎಲ್ಲ ಸೇರಿ ಸುಮಾರು 1,400 ಚದರ ಕಿಲೋಮೀಟರ್ ಜಾಗ. ಜನ ಈಗ 54 ಸಾವಿರದಷ್ಟು; ನಾನು ಹೇಳಹೊರಟ ಪಂದ್ಯದ ಕಾಲಕ್ಕೆ ಐವತ್ತು ಸಾವಿರವೂ ಇರಲಿಲ್ಲ. ಜನರಿಗಿಂತ ಕುರಿಗಳೇ ಹೆಚ್ಚು. ಮರಗಳು ಕಡಿಮೆ, ಗಾಳಿ ಮಳೆ ಧಾರಾಳ. ಬದುಕೆಲ್ಲ ಮೀನಿನ ಮೇಲೆ.

ಈ ದ್ವೀಪಗಳು ಡೆನ್ಮಾರ್ಕಿನ ರಾಜನ ಆಡಳಿತಕ್ಕೆ ಸೇರಿದವು. ಜನ ಮನೆಯಲ್ಲಿ ಆಡುವ ಮಾತು ಫೇರೋಯೀಸ್. ಆದರೆ ಇಗರ್ಜಿಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಬಹುಕಾಲ ಡೇನಿಷ್ ಭಾಷೆಯದೇ ಯಜಮಾನಿಕೆ. ಮನೆಮಾತಿಗೆ ಈಗಿರುವ ಬರವಣಿಗೆಯ ಕ್ರಮ ಬಂದದ್ದೇ 1846ರಲ್ಲಿ, ಹ್ಯಾಮರ್ಸ್‌ಹೈಮ್ಬ್ ಎಂಬ ಪಾದ್ರಿಯಿಂದ. ಶಾಲೆಯಲ್ಲಿ ಅದಕ್ಕೆ ಡೇನಿಷಿನ ಸರಿಸಮ ಸ್ಥಾನ ಸಿಗಲು 1938ರವರೆಗೆ ಕಾಯಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನಿಯ ವಶವಾದಾಗ ಬ್ರಿಟಿಷರು ಬಂದು ಈ ದ್ವೀಪಗಳಲ್ಲಿ ಬೀಡುಬಿಟ್ಟರು. ಫೇರೋ ದೋಣಿಗಳು ಶತ್ರುದೇಶದ ವಶದಲ್ಲಿದ್ದ ಡೆನ್ಮಾರ್ಕಿನ ಬಾವುಟ ಕಟ್ಟಿಕೊಂಡು ಹೋಗುವಂತಿಲ್ಲವಲ್ಲ! ಹಾಗಾಗಿ 1940ರ ಏಪ್ರಿಲ್ 25ರಂದು ಅವರ ಸ್ವಂತ ಬಾವುಟಕ್ಕೆ ಮಾನ್ಯತೆ ಸಿಕ್ಕಿತು. ಇಂದಿಗೂ ಆ ದಿನ ಅಲ್ಲಿ ಬಾವುಟದ ಹಬ್ಬ. 1946ರ ಜನಮತದಲ್ಲಿ ಸ್ವಾತಂತ್ರ್ಯದ ಕಡೆಗೆ ಸ್ವಲ್ಪವೇ ಹೆಚ್ಚು ಮತ ಬಿದ್ದರೂ ಅದು ನಡೆಯಲಿಲ್ಲ. 1948ರಲ್ಲಿ ಸ್ವಯಮಾಡಳಿತ ಬಂತು. ಅತ್ತ ಪೂರ್ತಿ ದೇಶವೂ ಅಲ್ಲ, ಇತ್ತ ಬರೀ ಜಿಲ್ಲೆಯೂ ಅಲ್ಲ, ಅಂಥ ಸ್ಥಿತಿ.

ಇಂಥವರು ಫುಟ್ಬಾಲ್ ಆಡಿದರೆ ಯಾರ ಹೆಸರಲ್ಲಿ ಆಡಬೇಕು? ಅದೇ ಪ್ರಶ್ನೆ.

ಆಟವೇನೂ ಅಲ್ಲಿಗೆ ಹೊಸತಲ್ಲ. ತ್ವೋರೋಯ್ರಿ ಎಂಬ ಊರಿನ ಕ್ಲಬ್ಬು 1892ರಲ್ಲೇ ಹುಟ್ಟಿತ್ತು. ದ್ವೀಪಗಳ ನಡುವಿನ ಲೀಗ್ 1942ರಲ್ಲಿ ಶುರುವಾಯಿತು. ಆದರೆ ಹೊರಗಿನವರ ಲೆಕ್ಕಕ್ಕೆ ಬರಲು ತಮ್ಮದೇ ಸಂಘ ಬೇಕು. ಅದು ಸ್ಥಾಪನೆಯಾದದ್ದು 1979ರಲ್ಲಿ. 1988ರಲ್ಲಿ ಫಿಫಾ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು, 1990ರಲ್ಲಿ ಯುರೋಪಿನ ಸಂಘಟನೆಯಾದ ಯುಇಎಫ್ಎ. ಒಲಿಂಪಿಕ್ಸಿನಲ್ಲಿ ಈಗಲೂ ಫೇರೋದವರು ಡೆನ್ಮಾರ್ಕಿನ ಹೆಸರಲ್ಲೇ ಸ್ಪರ್ಧಿಸಬೇಕು. ಫುಟ್ಬಾಲಿನಲ್ಲಿ ಮಾತ್ರ ತಮ್ಮ ಹೆಸರು, ತಮ್ಮ ಬಾವುಟ.

ಹೆಸರು ಸಿಕ್ಕಿತು, ಆಡಲು ಮೈದಾನ ಇಲ್ಲ! ಯುರೋಪಿನ ಸ್ಪರ್ಧೆಗೆ ಹುಲ್ಲಿನ ಅಂಗಣವೇ ಬೇಕೆಂಬ ನಿಯಮ. ಈ ಕಲ್ಲುದ್ವೀಪದಲ್ಲಿ ಅಂಥದೊಂದೂ ಇರಲಿಲ್ಲ. ಆದ್ದರಿಂದ ತಮ್ಮ ಮೊದಲ ದೊಡ್ಡ ಸ್ಪರ್ಧೆಯ "ಊರಿನ ಪಂದ್ಯ"ವನ್ನು ಅವರು ಕಡಲು ದಾಟಿ ಸ್ವೀಡನ್ ದೇಶದ ಲಾಂಡ್ಸ್‌ಕ್ರೋನ ಎಂಬಲ್ಲಿ ಆಡಿದರು. ತಾರೀಖು 1990ರ ಸೆಪ್ಟೆಂಬರ್ 12. ಎದುರಾಳಿ ಆಸ್ಟ್ರಿಯಾ. ಮೂರು ತಿಂಗಳ ಹಿಂದಷ್ಟೇ ಇಟಲಿಯಲ್ಲಿ ವಿಶ್ವಕಪ್ ಆಡಿ ಬಂದ ತಂಡ, ಎಲ್ಲರೂ ಆಟವೇ ಕಸುಬಾದವರು.

ಈಚೆ ಕಡೆ ಯಾರು? ಗೋಲ್ ಕಾಯುವವರು ಯೆನ್ಸ್ ಮಾರ್ಟಿನ್ ಕ್ನೂಡ್ಸೆನ್, ಮೀನಿನ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು. ತಲೆಗೆ ಗೊಂಡೆಯಿರುವ ಬಿಳಿ ಉಣ್ಣೆ ಟೊಪ್ಪಿ. ಹುಡುಗನಿದ್ದಾಗ ತಲೆಗೆ ಪೆಟ್ಟಾದ ಮೇಲೆ ಆ ಟೊಪ್ಪಿ ಅಭ್ಯಾಸವಾಯಿತಂತೆ. ಮುಂದಿನ ಸಾಲಿನಲ್ಲಿ ಟೊರ್ಕಿಲ್ ನೀಲ್ಸನ್, ಮರಮುಟ್ಟಿನ ವ್ಯಾಪಾರದಲ್ಲಿ ಸೇಲ್ಸ್‌ಮನ್ ಕೆಲಸ, ಚದುರಂಗದಲ್ಲೂ ಗಟ್ಟಿಗ. ಕೋಚ್ ಐಸ್ಲ್ಯಾಂಡಿನ ಪೌಲ್ ಗುಡ್ಲಾಗ್ಸನ್. ಆಸ್ಟ್ರಿಯಾ ಎಷ್ಟು ಗೋಲು ಹೊಡೆದೀತು ಎಂಬುದೊಂದೇ ಎಲ್ಲರ ಲೆಕ್ಕ.

ಮೊದಲರ್ಧ ಗೋಲಿಲ್ಲದೆ ಮುಗಿಯಿತು. ದ್ವಿತೀಯಾರ್ಧದಲ್ಲಿ ನೀಲ್ಸನ್ ಚೆಂಡು ತೆಗೆದುಕೊಂಡು ಮುನ್ನುಗ್ಗಿದರು, ಅಡ್ಡ ಬಂದವರನ್ನು ತಪ್ಪಿಸಿದರು, ಒದ್ದರು. ಚೆಂಡು ಬಲೆಯೊಳಗೆ! ಉಳಿದ ಅರ್ಧ ಗಂಟೆ ಆಸ್ಟ್ರಿಯಾದವರು ಸಾಲುಸಾಲಾಗಿ ದಾಳಿ ಮಾಡಿದರು. ಟೊಪ್ಪಿಯ ಗೋಲ್ ಕೀಪರ್ ಒಂದನ್ನೂ ಒಳಗೆ ಬಿಡಲಿಲ್ಲ. ಪಂದ್ಯ 1-0. ಆಸ್ಟ್ರಿಯಾದ ಕೋಚ್ ಯೋಸೆಫ್ ಹಿಕರ್ಸ್‌ಬರ್ಗರ್ ಈ ಸೋಲಿನ ಬೆನ್ನಿಗೇ ಹುದ್ದೆ ಬಿಟ್ಟರು. ದ್ವೀಪಗಳಲ್ಲಿ ಜನ ಬೀದಿಗಿಳಿದರು.

ಇಲ್ಲಿಗೆ ನಿಲ್ಲಿಸಿದರೆ ಇದು ಅಜ್ಜಿಕಥೆ ಆದೀತು. ಚರಿತ್ರೆ ಹಾಗೆ ನಿಲ್ಲುವುದಿಲ್ಲ. ಮುಂದಿನ ತಿಂಗಳೇ ಡೆನ್ಮಾರ್ಕ್ ಅವರನ್ನು 4-1ರಿಂದ ಸೋಲಿಸಿತು. ಬೆಲ್‌ಫಾಸ್ಟಿನಲ್ಲಿ ಉತ್ತರ ಐರ್ಲೆಂಡಿನ ಜೊತೆ 1-1 ಸಮ ಮಾಡಿಕೊಂಡದ್ದೊಂದು ಸಮಾಧಾನ. ಅದೇ ತಿಂಗಳು ಯುಗೊಸ್ಲಾವಿಯ 7-0 ಹೊಡೆಯಿತು. ಎಂಟು ಪಂದ್ಯಗಳಲ್ಲಿ ಒಂದು ಗೆಲುವು, ಒಂದು ಸಮ, ಆರು ಸೋಲು. ಆ ಗುಂಪಿನಲ್ಲಿ ಮೊದಲು ಬಂದ ಯುಗೊಸ್ಲಾವಿಯ ಯುದ್ಧದ ಕಾರಣ ಹೊರಬಿದ್ದು, ಎರಡನೆಯದಾದ ಡೆನ್ಮಾರ್ಕ್ ಅದರ ಜಾಗಕ್ಕೆ ಹೋಗಿ 1992ರಲ್ಲಿ ಯುರೋಪಿನ ಚಾಂಪಿಯನ್ನೇ ಆಯಿತು.

ಫೇರೋದವರಿಗೆ ಮಾತ್ರ ಅದು ಕೆಟ್ಟ ಕಾಲ. ಮೀನುಗಾರಿಕೆ ಕುಸಿಯಿತು, ಬ್ಯಾಂಕು ಮುಳುಗುವ ಹಂತಕ್ಕೆ ಬಂತು, ಕೆಲಸವಿಲ್ಲದೆ ಸಾವಿರಾರು ಜನ ಡೆನ್ಮಾರ್ಕಿಗೆ ಗುಳೆ ಹೋದರು. ಮೈದಾನದಲ್ಲೂ ಅದೇ ಪಾಡು. 1994ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ಹತ್ತಕ್ಕೆ ಹತ್ತೂ ಸೋಲು. ಹೊಡೆದ ಗೋಲು 1, ತಿಂದದ್ದು 38. ಆಟ ಬಿಡಲು ಇಷ್ಟು ಸಾಕಿತ್ತು. ಅವರು ಬಿಡಲಿಲ್ಲ. ಟೋಫ್ಟಿರ್ ಎಂಬ ಸಣ್ಣ ಊರಿನ ಗುಡ್ಡದಲ್ಲಿ ಬಂಡೆ ಸಿಡಿಸಿ, ಸಮತಟ್ಟು ಮಾಡಿ, ಹುಲ್ಲಿನ ಮೈದಾನ ಕಟ್ಟಿ 1991ರಲ್ಲೇ ಯುರೋಪಿನ ತಂಡಗಳನ್ನು ತಮ್ಮೂರಿಗೆ ಕರೆದಿದ್ದರು. ಅದೇ ಟೋಫ್ಟಿರ್‌ನಲ್ಲಿ 1995ರಲ್ಲಿ ಸ್ಯಾನ್ ಮರಿನೋವನ್ನು 3-0ರಿಂದ ಸೋಲಿಸಿದರು. 1999ರಲ್ಲಿ ಸ್ಕಾಟ್ಲೆಂಡ್ ಬಂದು 1-1, 2002ರಲ್ಲಿ ಮತ್ತೆ ಬಂದು 2-2 ಮಾಡಿಕೊಂಡು ಹೋಯಿತು.

ಆಮೇಲಿನ ದೊಡ್ಡ ಸುದ್ದಿ 2014ರ ನವೆಂಬರಿನದು. ಗ್ರೀಸ್ ದೇಶ ಆಗ ಫಿಫಾ ಪಟ್ಟಿಯಲ್ಲಿ 18ನೆಯದು, ಫೇರೋ 187ನೆಯದು. ಗ್ರೀಸಿನ ನೆಲದಲ್ಲೇ ಯೋಆನ್ ಸಿಮುನ್ ಎಡ್ಮುಂಡ್ಸನ್ ಹೊಡೆದ ಗೋಲಿನಿಂದ ಫೇರೋ 1-0 ಗೆದ್ದಿತು. ಗ್ರೀಸಿನ ಕೋಚ್ ರಾನಿಯೇರಿ ಕೆಲಸ ಕಳೆದುಕೊಂಡರು. ಅದೃಷ್ಟ ಅಂದವರಿಗೆ ಮುಂದಿನ ಜೂನಿನಲ್ಲಿ ಉತ್ತರ ಸಿಕ್ಕಿತು. ಗ್ರೀಸ್ ಮತ್ತೆ ಸೋತಿತು, 2-1. ರಾಜಧಾನಿ ತೋರ್ಸ್‌ಹಾವ್ನ್‌ನಲ್ಲಿ 2022ರಲ್ಲಿ ತುರ್ಕಿಯೂ ಅದೇ ಅಂತರದಲ್ಲಿ ಸೋತಿತು. 2026ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಜೆಕ್ ದೇಶವನ್ನು ಸೋಲಿಸಿ, ಎಂಟರಲ್ಲಿ ನಾಲ್ಕು ಪಂದ್ಯ ಗೆದ್ದು 12 ಅಂಕ ಗಳಿಸಿದರು. ಹಿಂದಿನ ಆ 38 ಗೋಲುಗಳನ್ನು ನೆನಪಿಟ್ಟುಕೊಂಡು ಈ ಲೆಕ್ಕ ನೋಡಬೇಕು.

ಇದರ ಹಿಂದೆ ಮಂತ್ರ ಮಾಯೆ ಇಲ್ಲ. ಗಾಳಿಮಳೆಗೆ ಹುಲ್ಲು ನಿಲ್ಲದ ಕಡೆ ಕೃತಕ ಹುಲ್ಲು ಹಾಸಿ ಊರೂರಿಗೆ ಅಂಗಣ ಮಾಡಿದರು. ಮಕ್ಕಳಿಗೆ ತರಬೇತಿ ಕೊಟ್ಟರು. ಚೆನ್ನಾಗಿ ಆಡುವವರು ಹೊರದೇಶದ ಕ್ಲಬ್ಬುಗಳಿಗೆ ಹೋಗಿ ಕಲಿತರು. 2023ರಲ್ಲಿ ಕ್ಲಾಕ್ಸ್‌ವಿಕ್ ಪಟ್ಟಣದ ಕ್ಲಬ್ಬು ಹಂಗೇರಿಯ ಹೆಸರಾಂತ ಫೆರೆನ್ಸ್‌ವಾರೋಶ್ ತಂಡವನ್ನು ಅವರ ಊರಲ್ಲೇ 3-0ರಿಂದ ಸೋಲಿಸಿ, ಯುರೋಪಿನ ಸ್ಪರ್ಧೆಯೊಂದರ ಗುಂಪು ಹಂತ ತಲುಪಿತು. ಅಲ್ಲಿಗೆ ತಲುಪಿದ ಮೊದಲ ಫೇರೋ ಕ್ಲಬ್ಬು ಅದು.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ತಪ್ಪಾದೀತು. ಅದೇ ಡೆನ್ಮಾರ್ಕಿನ ಅರಸೊತ್ತಿಗೆಗೆ ಸೇರಿದ ಗ್ರೀನ್ಲ್ಯಾಂಡಿಗೂ ಸ್ವಯಮಾಡಳಿತ ಉಂಟು, ಫುಟ್ಬಾಲ್ ಹುಚ್ಚೂ ಉಂಟು. ಆದರೆ ಫೇರೋದವರು ಒಳಗೆ ಬಂದ ಮೇಲೆ ಯುರೋಪಿನ ಸಂಘಟನೆ ನಿಯಮ ಬಿಗಿ ಮಾಡಿ, ಸ್ವತಂತ್ರ ದೇಶಗಳಿಗಷ್ಟೇ ಬಾಗಿಲು ಎಂದಿತು. ಗ್ರೀನ್ಲ್ಯಾಂಡ್ ಉತ್ತರ ಅಮೆರಿಕದ ಸಂಘಟನೆಯ ಬಾಗಿಲು ತಟ್ಟಿತು. 2025ರಲ್ಲಿ ಅಲ್ಲೂ ಆಗುವುದಿಲ್ಲ ಅಂದರು. ಅವರಿಗೆ ಹತ್ತಕ್ಕೆ ಹತ್ತು ಸೋಲುವ ಅವಕಾಶವೂ ಇಲ್ಲ.

ಆಸ್ಟ್ರಿಯಾವನ್ನು ಗೆದ್ದ ದಿನ ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಕಾಣುವಂತೆ ಫೇರೋದವರ ಅದಕ್ಕಿಂತ ದೊಡ್ಡ ಗೆಲುವು 1988ರದು, ಪಟ್ಟಿಯಲ್ಲಿ ಹೆಸರು ಬರೆಸಿಕೊಂಡದ್ದು. ಸೋಲು ಗೆಲುವು ಆಮೇಲಿನ ಮಾತು. ಸೋಲುವುದಕ್ಕಾದರೂ ಪಟ್ಟಿಯಲ್ಲಿ ನಮ್ಮ ಹೆಸರು ಇರಬೇಕಲ್ಲ, ಮಾರಾಯ್ರೆ!