ಕಾಲಿನಲ್ಲಿ ಹರಿಯುವ ನೆತ್ತರಿನ ದನಿ

ನಾಡಿ ನೋಡುವುದು ಬಹು ಹಳೆಯ ವಿದ್ಯೆ. ಆದರೆ ನಾಡಿಯ ಮೇಲಿಟ್ಟ ಬೆರಳಿಗೆ ತಿಳಿಯುವುದು ಧಮನಿಯ ಬಡಿತ ಮಾತ್ರ. ಅದರೊಳಗೆ ನೆತ್ತರು ಎಷ್ಟು ಸರಾಗವಾಗಿ ಹರಿಯುತ್ತಿದೆಯೆಂಬುದನ್ನು ಬೆರಳು ಹೇಳಲಾರದು. ಹೃದಯಕ್ಕೆ ಬಹುದೂರವಾದ ಪಾದದಲ್ಲಂತೂ ಕೆಲವರಿಗೆ ನಾಡಿಯೇ ಕೈಗೆ ಸಿಕ್ಕುವುದಿಲ್ಲ. ಚರ್ಮವನ್ನು ಕೊಯ್ಯದೆ ಈ ಹರಿವನ್ನು ಅರಿಯುವುದು ಹೇಗೆ?

ರಕ್ತವು ದೇಹದಲ್ಲಿ ಸುತ್ತಿ ಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದನು. ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ ತೋರಿಸಿದ್ದು ಆತನ ಪುರಾವೆಗಳಲ್ಲೊಂದು. ಅದರಲ್ಲಿ ಗಾಯವಿರಲಿಲ್ಲ, ಅಳತೆಯೂ ಇರಲಿಲ್ಲ. ಅಳತೆ ಬಂದಾಗ ಗಾಯವೂ ಬಂದಿತು. ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ಧಮನಿಗೆ ಹಿತ್ತಾಳೆಯ ಕೊಳವೆ ಸೇರಿಸಿ ಗಾಜಿನ ನಳಿಗೆಯನ್ನು ಜೋಡಿಸಿದಾಗ ನೆತ್ತರು ಎಂಟು ಅಡಿಗೂ ಮೇಲೇರಿತು. ಆತನ ಗ್ರಂಥ ಹೊರಬಂದದ್ದು 1733ರಲ್ಲಿ.

ದಾರಿ ತೆರೆದದ್ದು ವೈದ್ಯಶಾಲೆಯಲ್ಲಲ್ಲ. 1842ರಲ್ಲಿ ಪ್ರಾಗ್ ನಗರದ ಕ್ರಿಶ್ಚಿಯನ್ ಡಾಪ್ಲರ್ ಜೋಡಿ ನಕ್ಷತ್ರಗಳ ಬಣ್ಣವನ್ನು ವಿಚಾರಮಾಡುತ್ತ ಒಂದು ತತ್ತ್ವವನ್ನು ಮಂಡಿಸಿದನು. ಅಲೆಯನ್ನು ಹೊರಡಿಸುವ ವಸ್ತು ಹತ್ತಿರ ಬಂದರೆ ಅಲೆಗಳು ಒತ್ತಾಗುತ್ತವೆ, ದೂರ ಸರಿದರೆ ವಿರಳವಾಗುತ್ತವೆ. ಬರುತ್ತಿರುವ ರೈಲಿನ ಸಿಳ್ಳು ನಮ್ಮನ್ನು ದಾಟಿದೊಡನೆ ತಗ್ಗುವುದು ಇದರಿಂದಲೇ. 1845ರಲ್ಲಿ ಹಾಲೆಂಡಿನ ಬೈಸ್ ಬಾಲಟ್ ತುತ್ತೂರಿಯವರನ್ನು ರೈಲಿನಲ್ಲಿ ಕೂರಿಸಿ, ಹಳಿಯ ಪಕ್ಕದಲ್ಲಿ ಸಂಗೀತಜ್ಞರನ್ನು ನಿಲ್ಲಿಸಿ, ಶ್ರುತಿಭೇದವನ್ನು ಪರೀಕ್ಷಿಸಿದನು.

ರೈಲಿನ ಬದಲು ನೆತ್ತರಿನ ಕೆಂಪು ಕಣಗಳನ್ನು ಭಾವಿಸಿಕೊಳ್ಳಿ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ. ಸೆಕೆಂಡಿಗೆ 50 ಲಕ್ಷ ಕಂಪನಗಳ ಶಬ್ದವನ್ನು ಚರ್ಮದ ಮೂಲಕ ಧಮನಿಗೆ ಕಳುಹಿಸಿದರೆ, ಓಡುವ ಕಣಗಳಿಂದ ಮರಳುವ ಶಬ್ದದ ಶ್ರುತಿ ತುಸು ಬದಲಾಗಿರುತ್ತದೆ. ಕಳುಹಿಸಿದ ಮತ್ತು ಮರಳಿದ ಕಂಪನಗಳ ವ್ಯತ್ಯಾಸವು ಕಿವಿಗೆ ಕೇಳುವ ಮಟ್ಟದಲ್ಲೇ ಇರುವುದು ಒಂದು ಸೊಗಸು. ಅದನ್ನು ಧ್ವನಿವರ್ಧಕಕ್ಕೆ ಕೊಟ್ಟರೆ ನೆತ್ತರಿನ ಹರಿವು ರೇಡಿಯೋದಂತೆ ಕೇಳುತ್ತದೆ. 1950ರ ದಶಕದ ಕೊನೆಯಲ್ಲಿ ಜಪಾನಿನ ಒಸಾಕಾದಲ್ಲಿ ಶಿಗೆಯೊ ಸತೊಮುರಾ ಇದನ್ನು ಸಾಧಿಸಿದರು; 1960ರಲ್ಲೇ ತೀರಿಕೊಂಡರು. ಅದೇ ಕಾಲಕ್ಕೆ ಅಮೆರಿಕದ ಸಿಯಾಟಲ್‌ನಲ್ಲಿಯೂ ಇಂತಹ ಉಪಕರಣ ಸಿದ್ಧವಾಯಿತು. ಅಲ್ಲಿನ ಶಸ್ತ್ರವೈದ್ಯ ಯೂಜಿನ್ ಸ್ಟ್ರಾಂಡ್‌ನೆಸ್ 1960ರ ದಶಕದಲ್ಲಿ ಅದನ್ನು ರೋಗಿಗಳ ಕಾಲಿಗೆ ಹಿಡಿದರು. ಆರೋಗ್ಯವಾದ ಕಾಲಿನ ಧಮನಿ ಬಡಿತಕ್ಕೊಮ್ಮೆ ಎರಡು ಮೂರು ಸ್ಪಷ್ಟ ದನಿಗಳನ್ನು ಕೊಡುತ್ತದೆ. ಮೇಲೆಲ್ಲೋ ಅಡಚಣೆಯಿದ್ದರೆ ಕೇಳುವುದು ಮಂದವಾದ ಒಂದೇ ದನಿ.

ದನಿಗೆ ಅಂಕಿಯೂ ಜೊತೆಗೂಡಿತು. ಗಾಳಿ ತುಂಬುವ ಪಟ್ಟಿಯನ್ನು ಪಾದದ ಗಂಟಿನ ಮೇಲೆ ಕಟ್ಟಿ ಉಬ್ಬಿಸಿದರೆ ದನಿ ನಿಲ್ಲುತ್ತದೆ. ಗಾಳಿ ಬಿಡುತ್ತ ಹೋದಾಗ ದನಿ ಮರಳುವ ಕ್ಷಣದ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಬೇಕು. 1969ರಲ್ಲಿ ಲಂಡನ್ನಿನಲ್ಲಿ ಯಾವೊ ಮತ್ತು ಸಂಗಡಿಗರು ಈ ಪರೀಕ್ಷೆಯ ಬೆಲೆಯನ್ನು ತೋರಿಸಿಕೊಟ್ಟರು. ಭಾಗಲಬ್ಧ 0.9ಕ್ಕಿಂತ ಕಡಮೆಯಾದರೆ ಕಾಲಿನ ಧಮನಿ ಕಿರಿದಾಗಿದೆಯೆಂದು ಇಂದು ವೈದ್ಯರು ಭಾವಿಸುತ್ತಾರೆ.

ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಇಳಿಯುವುದುಂಟು. ಹಿರಿಯರು ಅದನ್ನು ವಯಸ್ಸಿನ ದೋಷವೆಂದೋ ವಾಯುವೆಂದೋ ಸಹಿಸುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಆ ಎಚ್ಚರಿಕೆಯೂ ಇಲ್ಲದಿರಬಹುದು. ನರಗಳು ಮರಗಟ್ಟಿದಾಗ ನೋವೇ ತಿಳಿಯುವುದಿಲ್ಲ. ಚಪ್ಪಲಿ ಕಚ್ಚಿದ ಗಾಯ ರಕ್ತ ಸಾಲದೆ ಮಾಯದೆ, ಕೊನೆಗೆ ಕಾಲನ್ನೇ ತೆಗೆಯಬೇಕಾಗುತ್ತದೆ. ಇಂಥವರಲ್ಲಿ ಕೆಲವೊಮ್ಮೆ ಧಮನಿಯ ಗೋಡೆ ಗಡುಸಾಗಿ ಪಟ್ಟಿಗೆ ಬಗ್ಗದೆ, ಅಂಕಿ ಸುಳ್ಳಾಗಿ ಹೆಚ್ಚು ಬರುವುದೂ ಉಂಟು. ಆಗ ಕಾಲ್ಬೆರಳಿನ ಒತ್ತಡವನ್ನು ಅಳೆಯುತ್ತಾರೆ.

ಪಾದದ ಗಾಯ ಮಾಯಲು ತಡಮಾಡಿದರೆ ಮುಲಾಮು ಹಚ್ಚುತ್ತ ಕೂಡುವುದಕ್ಕಿಂತ ವೈದ್ಯರಿಗೆ ಕಾಲು ತೋರಿಸುವುದು ಲೇಸು. ಈ ಪರೀಕ್ಷೆಗೆ ಬೇಕಾದದ್ದು ಕೆಲವೇ ನಿಮಿಷ. ಒಂದು ಹನಿ ರಕ್ತವೂ ಹೊರಬರುವುದಿಲ್ಲ.