ಹಳೆಯ ಕತೆಯಲ್ಲಿ ಹೊಸಬರಿಗೆ ಜಾಗ

ಮಕ್ಕಳು ಕಂಪ್ಯೂಟರಿನಲ್ಲಿ ಒಂದೊಂದು ಪಾತ್ರ ವಹಿಸಿಕೊಂಡು ಆಡುವ ಆಟಗಳನ್ನು ಕಂಡರೆ ನಾವು ಹಿರಿಯರು ಮುಖ ಗಂಟಿಕ್ಕುತ್ತೇವೆ. ಆದರೆ ಅವುಗಳಲ್ಲಿ ಒಂದರ ಕತೆ ಕೇಳುವಂತಿದೆ. ಇಂಗ್ಲಿಷ್ ಲೇಖಕ ಟೋಲ್ಕಿನ್ 1954-55ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಲೋಕವನ್ನು 2007ರಲ್ಲಿ ಅಂತರ್ಜಾಲದ ಆಟವನ್ನಾಗಿಸಲಾಯಿತು. ಆಟಗಾರ ಅಲ್ಲಿ ಕಾದಂಬರಿಯ ನಾಯಕನಾಗುವುದಿಲ್ಲ. ನಾಯಕ ಸಾಗುವ ದಾರಿಯ ಆಸುಪಾಸಿನಲ್ಲಿ ತನ್ನದೇ ಕತೆ ನಡೆಸುತ್ತಾನೆ. ಮೂಲದಲ್ಲಿ ಅಲ್ಪಸ್ವಲ್ಪ ಪ್ರಸ್ತಾಪವಾಗುವ ಅಂಗ್ಮಾರ್ ಎಂಬ ನಾಡು ಆಟದಲ್ಲಿ ದೊಡ್ಡ ಕಥಾಭೂಮಿಯಾಗಿದೆ. ಮೂಲದ ಮುಕ್ತಾಯ ಮಾತ್ರ ಬದಲಾಗುವುದಿಲ್ಲ.

ಇದು ನಮ್ಮ ಕರಾವಳಿಗೆ ಹೊಸತೇನಲ್ಲ. ಸ್ವರ್ಣಾ ನದಿಯ ದಡದ ಕಲ್ಯಾಣಪುರದಿಂದ ಕುಂಬಳೆಯವರೆಗೂ ತಾಳಮದ್ದಳೆಯ ಊರುಗಳಿವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಪಾತ್ರವಾಗಿ ಕುಳಿತು ಆ ಕ್ಷಣದಲ್ಲೇ ಮಾತು ಕಟ್ಟುತ್ತಾರೆ. ರಾಮನ ಬಾಣಕ್ಕೆ ವಾಲಿ ಬೀಳಲೇಬೇಕು. ಆದರೆ ಮರೆಯಲ್ಲಿ ನಿಂತು ಹೊಡೆದುದೇಕೆ ಎಂಬ ಅವನ ಒಂದು ಪ್ರಶ್ನೆಯನ್ನು ಗಂಟೆಗಟ್ಟಲೆ ಬೆಳೆಸಬಹುದು. ಮಲ್ಪೆಯ ಸಾಮಗ ಸಹೋದರರು, ಶೇಣಿ ಗೋಪಾಲಕೃಷ್ಣ ಭಟ್ಟರು ಹೀಗೆ ಮಾತಿನಿಂದಲೇ ಪುರಾಣಲೋಕವನ್ನು ಹಿಗ್ಗಿಸಿದವರು.

ಹಿಗ್ಗಿದ ಆ ಲೋಕದೊಳಗೆ ಒಬ್ಬ ಮುಸ್ಲಿಮನೂ ಬಂದ. ಕಲ್ಯಾಣಪುರದಿಂದ ಉಡುಪಿ, ಕಾಪು ದಾಟಿ ದಕ್ಷಿಣಕ್ಕೆ ಹೋದರೆ ಮೂಲ್ಕಿ ಸಿಗುತ್ತದೆ. ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ದೋಣಿ ಅಲ್ಲಿನ ಶಾಂಭವಿ ನದಿಯಲ್ಲಿ ಸಿಲುಕಿತು, ದೇವಿ ಅವನ ಕನಸಿನಲ್ಲಿ ಬಂದಳು, ಅವನು ಗುಡಿ ಕಟ್ಟಿಸಲು ಮುಂದಾದ ಎಂಬುದು ಐತಿಹ್ಯ. ಊರಿಗೆ ಬಪ್ಪನಾಡು ಎಂಬ ಹೆಸರು ಬಂದುದೂ ಅವನಿಂದಲೇ ಎನ್ನುತ್ತಾರೆ. ದೇವಿಯ ಪುರಾಣಕ್ಕೆ ಈ ಐತಿಹ್ಯವನ್ನು ಜೋಡಿಸಿದ ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ ಯಕ್ಷಗಾನ ಪ್ರಸಂಗವಾಯಿತು. ಬರೀ ನಗೆಯ ವೇಷವಾಗಿ ಜಾರಿಹೋಗಬಹುದಿದ್ದ ಬಪ್ಪ, ಶೇಣಿಯವರಿಂದ ಘನತೆಯ ಪಾತ್ರವಾಗಿ ಹೆಸರಾದ. ಶೇಣಿಯವರು 2006ರಲ್ಲಿ ತೀರಿಕೊಂಡರು. ಅವರ ಬಪ್ಪ ಬ್ಯಾರಿಯನ್ನು ಕಂಡವರು ಇಂದಿಗೂ ಅದನ್ನು ನೆನೆಯುತ್ತಾರೆ.

ಐತಿಹ್ಯವನ್ನು ನಾವು ಇತಿಹಾಸವೆಂದು ಸಾಧಿಸಹೊರಟಿಲ್ಲ. ಬಪ್ಪನ ಕಾಲ ಯಾವುದು, ದೋಣಿ ಎಲ್ಲಿಂದ ಬಂತು ಎಂಬುದಕ್ಕಿಂತಲೂ ಒಂದು ಸಮಾಜ ಅವನನ್ನು ತನ್ನ ದೇವಿಯ ಕತೆಯೊಳಗೆ ಕರೆದು ಕೂರಿಸಿತು ಎಂಬುದೇ ದೊಡ್ಡ ಇತಿಹಾಸ. ಮೂಲ ಪುರಾಣದಲ್ಲಿ ಬ್ಯಾರಿಯಿಲ್ಲ. ಜೊತೆಗೆ ಬದುಕಿದ ಜನ ಅವನನ್ನು ಸೇರಿಸಿದರು. ಅದರಿಂದ ಪುರಾಣಕ್ಕೇನೂ ಕೊರತೆಯಾಗಲಿಲ್ಲ.

2022ರ ಮಾರ್ಚ್‌ನಲ್ಲಿ ಇದೇ ಬಪ್ಪನಾಡಿನ ಜಾತ್ರೆಯ ಹೊತ್ತಿಗೆ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರ್ ಕಾಣಿಸಿಕೊಂಡಿತು. ರಂಗದ ಮೇಲೆ ಬ್ಯಾರಿಯ ವೇಷಕ್ಕೆ ಚಪ್ಪಾಳೆ, ರಂಗದ ಕೆಳಗೆ ಅವನ ಅಂಗಡಿಗೆ ತಡೆ! ಇದನ್ನು ಹೇಗೆ ಅರ್ಥಮಾಡಿಕೊಳ್ಳೋಣ?

ಹಾಗೆಂದು ನಾವು ಕೈಚೆಲ್ಲಬೇಕಾಗಿಲ್ಲ. ಬಪ್ಪನಾಡಿನ ಕತೆಯನ್ನು ಹಿಂದೂ, ಮುಸ್ಲಿಮ್, ಕ್ರೈಸ್ತ ಎನ್ನದೆ ನಮ್ಮ ಎಲ್ಲ ಮಕ್ಕಳಿಗೂ ಹೇಳೋಣ. ಪ್ರಸಂಗವಿದ್ದಲ್ಲಿಗೆ ಕರೆದುಕೊಂಡು ಹೋಗೋಣ. ದೂರದ ದೇಶದ ಕಲ್ಪಿತ ಲೋಕದಲ್ಲಿ ತಮಗೊಂದು ಪಾತ್ರ ಹುಡುಕುವ ಮಕ್ಕಳಿಗೆ, ತಮ್ಮ ಮಣ್ಣಿನ ಕತೆಯಲ್ಲೂ ತಮಗೆ ಜಾಗವಿತ್ತೆಂಬುದು ಗೊತ್ತಿರಬೇಕು.